ಯಜಮಾನನ ಪರವಾಗಿ ಒಂದು ಉತ್ತರ

ಮರಗಳ ಎಲೆ ಉದುರಿ ಮುಗಿದಿತ್ತು, ಹಿಮ ಇನ್ನೂ ಬಿದ್ದಿರಲಿಲ್ಲ. ಇವೆರಡರ ನಡುವಿನ ಹದಿನೈದಿಪ್ಪತ್ತು ದಿನಗಳಲ್ಲೇ ಪ್ರಯೋಗದ ಹೊಲಗಳಿಂದ ಮಣ್ಣು ತಂದುಕೊಳ್ಳಬೇಕು; ಆಮೇಲೆ ನೆಲ ಕಲ್ಲಾಗಿಬಿಡುತ್ತದೆ, ಸಲಿಕೆ ಇಳಿಯುವುದಿಲ್ಲ. ವಿಶ್ವವಿದ್ಯಾಲಯದ ನೆಲಮಾಳಿಗೆಯ ಒಣಗಿಸುವ ಕೋಣೆಯಲ್ಲಿ ತಗಡಿನ ತಟ್ಟೆಗಳು ಗೋಡೆಯುದ್ದಕ್ಕೂ ಅಟ್ಟ ಅಟ್ಟವಾಗಿ ಕೂತಿದ್ದವು. ಅವನು ಬೆಳಿಗ್ಗೆ ಏಳರಿಂದ ಒಂದೊಂದೇ ತಟ್ಟೆ ಇಳಿಸಿ, ಹೆಂಟೆಗಳನ್ನು ಮರದ ಕೊಡತಿಯಿಂದ ಒಡೆದು, ಬೇರಿನ ಎಳೆ, ಕಲ್ಲುಹರಳು ಆರಿಸಿ ಬಿಸಾಡಿ, ಪುಡಿಯನ್ನು ಜರಡಿಯ ಯಂತ್ರಕ್ಕೆ ಸುರಿದು, ಕೆಳಗಿಳಿದದ್ದನ್ನು ಕಾಗದದ ಚೀಲಕ್ಕೆ ತುಂಬಿ ಸಾಲಾಗಿ ಇಡುತ್ತಿದ್ದ. ಈ ಕೆಲಸದಲ್ಲಿ ಯಾರೊಡನೆಯೂ ಮಾತಾಡಬೇಕಾಗಿರಲಿಲ್ಲ ಎಂಬುದೇ ಅವನಿಗೆ ಹಿತ. ಎರಡು ವರ್ಷದ ಹಿಂದೆ ಮೊದಲ ದಿನ ಹುಬ್ಬಿನ ತುಂಬ ಧೂಳು ಮೆತ್ತಿಕೊಂಡು ತಾನಿರುವ ಕೋಣೆಗೆ ಹೋದಾಗ ಅಲ್ಲಿ ಜೊತೆಗಿದ್ದವನು ನೋಡಿ ನಕ್ಕು, 'ಬಾಪ್ಪಾ ಜರಡಿ' ಎಂದಿದ್ದ. ಅಂದಿನಿಂದ ಅವನು ಜರಡಿ. ಹೆಸರಿಟ್ಟವನು ಯಜಮಾನ. ಆ ಹೆಸರನ್ನು ಅವನಿಗೆ ಯಾರೂ ಇಟ್ಟದ್ದಲ್ಲ, ಅವನು ಕೂರುವ ರೀತಿಯಿಂದ ತಾನಾಗಿ ಬಂದದ್ದು: ಕೋಣೆಯಲ್ಲಿದ್ದ ಒಂದೇ ಕೈಕುರ್ಚಿಯಲ್ಲಿ ಕಾಲು ಚಾಚಿ ಕೂತು, ಎದುರಿಗಿದ್ದವರು ನಿಂತೇ ಮಾತಾಡುವಂತೆ ಮಾಡುತ್ತಿದ್ದ.

ಅಂದು ಶುಕ್ರವಾರ, ಮರುದಿನದಿಂದ ಮೂರು ದಿನ ರಜೆ. ಮಧ್ಯಾಹ್ನ ಒಂದಕ್ಕೆ ಮೇಷ್ಟ್ರ ಕಾರಿನಲ್ಲಿ ಬೆಟ್ಟದ ಮೇಲಿನ ಕೆರೆಗೆ ಹೊರಡುವುದೆಂದು ತಿಂಗಳ ಹಿಂದೆಯೇ ಗೊತ್ತಾಗಿತ್ತು. ಮೇಷ್ಟ್ರು ಊರಿನಲ್ಲಿ ಎಂಟು ವರ್ಷ ಪಾಠ ಹೇಳಿ, ಮದುವೆಯಾಗಿ, ಹೆಂಡತಿಯನ್ನೂ ಕರೆತಂದು ಈಗ ಮತ್ತೆ ವಿದ್ಯಾರ್ಥಿಯಾದವರು. ಅವರ ಹೆಂಡತಿ ಎಲ್ಲರಿಗೂ ಅತ್ತಿಗೆ. ಎರಡು ವರ್ಷದಲ್ಲಿ ಯಾರೂ ಜರಡಿಯನ್ನು ಎಲ್ಲಿಗೂ ಕರೆದಿರಲಿಲ್ಲ. ಈ ಸಲ ಕರೆದದ್ದು ಹೇಗೆಂದು ಅವನಿಗೆ ಗೊತ್ತಿತ್ತು. ಸ್ನಾನದ ಮನೆಯ ಬಾಗಿಲ ಸಂದಿಯಿಂದ ಯಜಮಾನನ ಮಾತು ಕೇಳಿಸಿತ್ತು: 'ಒಂದು ಸೀಟು ಖಾಲಿ ಇದೆ ಮೇಷ್ಟ್ರೇ. ಸಾಮಾನು ಇಡೋದೋ, ಜರಡೀನ ಕೂರಿಸೋದೋ ನೀವೇ ಹೇಳಿ. ಸಾಮಾನಾದ್ರೆ ಹೊತ್ಕೋಬೇಕು, ಇವನಾದ್ರೆ ಇವನೇ ಸಾಮಾನು ಹೊರ್ತಾನೆ.' ಅದನ್ನು ಕೇಳಿಯೂ ಬುಧವಾರವೇ ಚೀಲ ಕಟ್ಟಿ ಬಾಗಿಲ ಪಕ್ಕ ಇಟ್ಟುಕೊಂಡಿದ್ದ ತನ್ನ ಮೇಲೆ ಅವನಿಗೆ ಅಸಹ್ಯವಾಗಿತ್ತು. ಆದರೂ ಚೀಲ ಬಿಚ್ಚಿರಲಿಲ್ಲ.

ಯಂತ್ರದ ಗದ್ದಲದಲ್ಲಿ ಫೋನು ಹೊಡೆದುಕೊಂಡದ್ದು ಕೇಳಿಸಲಿಲ್ಲ. ಹನ್ನೊಂದೂವರೆಗೆ ನೋಡಿದರೆ ಯಜಮಾನನ ಅಕ್ಕ ನಾಲ್ಕು ಸಲ ಕರೆದಿದ್ದಳು. ಯಜಮಾನ ಬರುವ ಗುರುವಾರದ ಪರೀಕ್ಷೆಗೆಂದು ಮೂರು ತಿಂಗಳಿಂದ ಫೋನು ಮುಚ್ಚಿಟ್ಟುಬಿಟ್ಟಿದ್ದ, ಭಾನುವಾರ ಮಾತ್ರ ತೆರೆದು ಮನೆಗೆ ಮಾತಾಡುತ್ತಿದ್ದ. ಎರಡನೆಯ ಸಲ ಬರೆಯುತ್ತಿದ್ದ ಪರೀಕ್ಷೆ ಅದು, ಮೂರನೆಯ ಅವಕಾಶವಿರಲಿಲ್ಲ. ಹಾಗಾಗಿ ನಡುವಿನ ದಿನಗಳಲ್ಲಿ ಏನಾದರೂ ತುರ್ತಿದ್ದರೆ ಅವನ ಮನೆಯವರು ಜರಡಿಗೇ ಮಾಡುತ್ತಿದ್ದರು. ಅವನು ಯಂತ್ರ ನಿಲ್ಲಿಸಿ ಅಕ್ಕನ ಸಂಖ್ಯೆ ಒತ್ತಿದ.

'ತಮ್ಮಾ, ಅಪ್ಪ ಹೋಗ್ಬಿಟ್ರು' ಎಂದಳು ಆಕೆ. ಅತ್ತು ಅತ್ತು ಒಣಗಿದ ದನಿ. 'ಸಂಜೆ ಅಂಗಡಿ ಬಾಗಿಲು ಹಾಕ್ಕೊಂಡು ಬಂದವರು ನೀರು ಕೇಳಿದ್ರು. ತಂದು ಕೊಡೋದ್ರೊಳಗೆ ಆಗಿಹೋಯ್ತು. ಅವನಿಗೆ ನೀನೇ ಹೇಳ್ಬೇಕು. ಫೋನಲ್ಲಿ ನಾನು ಹೇಳಲಾರೆ, ಅವನು ಒಬ್ಬನೇ ನಿಂತು ಕೇಳೋ ಮಾತಲ್ಲ ಇದು. ಪಕ್ಕದಲ್ಲಿ ಕೂತು ಹೇಳು. ಇವತ್ತು ರಾತ್ರಿ ವಿಮಾನ ಹತ್ತಿದ್ರೆ ಭಾನುವಾರ ಬೆಳಿಗ್ಗೆಗೆ ಬರ್ತಾನೆ. ಐಸಿನ ಪೆಟ್ಟಿಗೆ ತರಿಸಿ ಇಟ್ಕೋತೀವಿ. ಬರ್ತಾನೋ ಇಲ್ವೋ ಅಂತ ನಿಮ್ಮ ಸಂಜೆ ಆರರೊಳಗೆ ಹೇಳಿಬಿಡು. ಅಷ್ಟು ಹೊತ್ತಿಗೆ ಇಲ್ಲಿ ಬೆಳಕು ಹರಿಯೋಕೆ ಬಂದಿರುತ್ತೆ, ಜನ ಬಾಗಿಲಿಗೆ ಬಂದು ಕೇಳ್ತಾರೆ.'

ಅವನು ಹೂಂ ಎಂದ. ಅಷ್ಟರಲ್ಲಿ ಆಕೆಯ ಗಂಡ ಫೋನು ತೆಗೆದುಕೊಂಡು ದೂರ ನಡೆದ ಸದ್ದಾಯಿತು; ಹಿಂದಿನ ಅಳು ಸಣ್ಣದಾಯಿತು. 'ನೋಡಪ್ಪಾ' ಎಂದ ಭಾವ, ದನಿ ತಗ್ಗಿಸಿ. 'ಅವಳು ಹಂಗೇ ಅಂತಾಳೆ. ಬಂದು ಅವನು ಮಾಡೋದೇನಿದೆ? ಪರೀಕ್ಷೆ ಕೆಟ್ರೆ ಎಲ್ಲ ಕೆಟ್ಟಂಗೆ. ಮಾವನೂ ಅದನ್ನೇ ಅಂತಿದ್ರು, ಏನಾದ್ರೂ ಆದ್ರೆ ಅವನನ್ನ ಕರೆಸಬೇಡಿ ಅಂತ. ನೀನು ಓದ್ದವನು. ಅಲ್ಲಿಯ ಪರಿಸ್ಥಿತಿ ನಿನಗೇ ಗೊತ್ತು. ನೋಡಿ ಮಾಡು.'

ನೋಡಿ ಮಾಡು. ಫೋನು ಇಟ್ಟ ಮೇಲೆ ಅವನು ಎದುರಿದ್ದ ತಟ್ಟೆಯ ಮಣ್ಣನ್ನು ಒಡೆಯುತ್ತ ನಿಂತ, ಒಡೆದದ್ದನ್ನೇ ಒಡೆಯುತ್ತಿದ್ದ. ಸತ್ತವರನ್ನು ಅವನು ಕಂಡಿರಲಿಲ್ಲ, ಆದರೆ ಅವರ ದನಿ ಗೊತ್ತಿತ್ತು. ದರ್ಜಿ. ಹೋದ ಚಳಿಗಾಲದ ಮೊದಲಲ್ಲಿ ಮಗನಿಗೆ ಕೋಟು ಹೊಲಿಯಬೇಕೆಂದು ಫೋನಿನಲ್ಲೇ ಅಳತೆ ಕೇಳಿದ್ದರು. ಟೇಪು ಹಿಡಿದವನು ಜರಡಿ. 'ಹೆಗಲ ಮೂಳೆಯಿಂದ ಹಿಡಿ ತಮ್ಮಾ, ಅವನು ಎದೆ ಉಬ್ಬಿಸಿ ನಿಂತಿರ್ತಾನೆ, ಉಸಿರು ಬಿಡೋಕೆ ಹೇಳು' ಎಂದು ಸಾವಿರಾರು ಮೈಲಿ ಆಚೆಯಿಂದ ಅವರು ಅಂದದ್ದು, ನಿಜಕ್ಕೂ ಎದೆ ಉಬ್ಬಿಸಿ ನಿಂತಿದ್ದ ಯಜಮಾನ ಪೆಚ್ಚಾಗಿ ಉಸಿರು ಬಿಟ್ಟದ್ದು, ಇಬ್ಬರೂ ನಕ್ಕದ್ದು. ಕೊನೆಯಲ್ಲಿ ಅವರು 'ನಿಂದೂ ಅಳತೆ ಕೊಟ್ಟುಬಿಡು, ಬಟ್ಟೆ ಉಳಿಯುತ್ತೆ' ಎಂದಿದ್ದರು. ಉಳಿಯುವ ಬಟ್ಟೆಯಲ್ಲ ಅದು, ಬೇರೆಯೇ ಥಾನಿನದು. ಅವರು ತನಗೂ ಹೊಲಿದು ಕಳಿಸಿದ ಆ ಕೋಟೇ ಈಗ ಬಾಗಿಲ ಹಿಂದಿನ ಮೊಳೆಗೆ ನೇತುಬಿದ್ದಿತ್ತು. ಅವನ ಮೈಗೆ ಸರಿಯಾಗಿ ಕೂತ ಮೊದಲ ಬಟ್ಟೆ. ತೋಳು ಎತ್ತಿದರೆ ಕಂಕುಳಲ್ಲಿ ಹಿಡಿಯುತ್ತಿರಲಿಲ್ಲ.

ಕೋಣೆಗೆ ಹೋಗುವ ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡ. ಮೊದಲು ಕೂರಿಸಬೇಕು. ಹುಷಾರಿಲ್ಲ ಎಂದು ಶುರುಮಾಡಬೇಕು. ಬಾಗಿಲು ತೆಗೆದರೆ ಯಜಮಾನ ಹಾಸಿಗೆಯ ಮೇಲೆ ಬಟ್ಟೆ ಹರವಿಕೊಂಡು, ಒಂದು ಕಾಲಿಗೆ ಕಾಲುಚೀಲ ಹಾಕಿ ಇನ್ನೊಂದನ್ನು ಹುಡುಕುತ್ತ ಹಾಡಿಕೊಳ್ಳುತ್ತಿದ್ದ. ಅವನು ಹಾಡಿದ್ದನ್ನು ಜರಡಿ ಎರಡು ವರ್ಷದಲ್ಲಿ ಕೇಳಿರಲಿಲ್ಲ.

'ಏನೋ ಮುಖ ಹಿಂಗಿದೆ? ನಿನ್ನ ಗೈಡ್ ಮೇಡಂ ಬೈದ್ರಾ? ಬೈಸ್ಕೊಂಡು ಬರೋದನ್ನ ಮಂಗಳವಾರಕ್ಕೆ ಇಟ್ಕೋ. ಇವತ್ತು ಯಾರೂ ಮುಖ ಗಂಟು ಹಾಕೋ ಹಂಗಿಲ್ಲ, ಹಾಕಿದ್ರೆ ಡಿಕ್ಕಿಯಲ್ಲಿ ಕೂರಿಸ್ತೀನಿ.'

'ಪರೀಕ್ಷೆ ಇಟ್ಕೊಂಡು ಹೋಗ್ಬೇಕಾ?' ಎಂದ ಜರಡಿ. ಇದು ಜೋಡಿಸಿಕೊಂಡ ಮಾತಲ್ಲ.

'ಇನ್ನೆರಡು ದಿನ ಆ ಪುಸ್ತಕ ನೋಡಿದ್ರೆ ನಾನು ಹುಚ್ಚಾಸ್ಪತ್ರೆಗೇ. ಗಾಳಿ ಕುಡ್ಕೊಂಡು ಬಂದು ಬರೀತೀನಿ ನೋಡು. ಈ ಸಲ ಆಗುತ್ತೆ ಕಣೋ. ನನಗೆ ಒಳಗೇ ಗೊತ್ತಾಗ್ತಿದೆ.' ಹಾಗೆಂದು ಅವನು ಹಾಸಿಗೆಯ ಕೆಳಗೆ ಬಗ್ಗಿದ. ಅವನ ಬಾಗಿದ ಬೆನ್ನು, ಮೇಲೆದ್ದ ಅಂಗಿ, ಕೆಳಗೆ ಕಾಣುವ ಬಿಳಿಚಿದ ನಡು. ಈಗ ಹೇಳಬೇಕು ಎಂದುಕೊಂಡ ಜರಡಿ. ಬಗ್ಗಿದವನಿಗೆ ಹೇಳುವುದು ಹೇಗೆ, ಏಳಲಿ ಎಂದುಕೊಂಡ. ಎದ್ದವನ ಕೈಯಲ್ಲಿ ಕಾಲುಚೀಲವಿತ್ತು, ಮುಖದಲ್ಲಿ ಗೆದ್ದ ನಗುವಿತ್ತು. ಆಗಲೇ ಹೊರಗೆ ಮೇಷ್ಟ್ರ ಕಾರು ಕೂಗಿತು. ಸಾಮಾನು ಹೊತ್ತದ್ದು ಜರಡಿಯೇ. ಎರಡು ಸಲ ಮೇಲೆ ಕೆಳಗೆ ಓಡಾಡಿದ. ಮೂರನೆಯ ಸಲ ಹತ್ತುವಾಗ, ಒಬ್ಬನೇ ಇದ್ದಾನೆ, ಈಗ, ಎಂದು ಹೋದರೆ ಯಜಮಾನ ಬಾಗಿಲಿಗೆ ಬೀಗ ಹಾಕುತ್ತಿದ್ದ.

ಕಾರಿನಲ್ಲಿ ಹಿಂದಿನ ಸೀಟಿನಲ್ಲಿ ಇವರಿಬ್ಬರೂ. ನಗರದ ಗೋದಾಮುಗಳು, ಮುಚ್ಚಿದ ಕಾರ್ಖಾನೆಗಳ ಉದ್ದನೆಯ ಗೋಡೆಗಳು ಹಿಂದೆ ಸರಿದು, ಉತ್ತ ಹೊಲಗಳು ಶುರುವಾದವು. ಕಪ್ಪು ಮಣ್ಣು, ಜಿಗುಟು, ನೀರು ನಿಲ್ಲುವಂಥದ್ದು ಎಂದು ಅವನ ಕಣ್ಣು ತನ್ನಷ್ಟಕ್ಕೆ ಲೆಕ್ಕ ಹಾಕುತ್ತಿತ್ತು. ಅತ್ತಿಗೆ ಹಿಂದಕ್ಕೆ ತಿರುಗಿ ಕಿತ್ತಳೆಯ ತೊಳೆ ಕೊಡುತ್ತಿದ್ದಳು. ಯಜಮಾನ ಮೇಷ್ಟ್ರ ಡ್ರೈವಿಂಗನ್ನು ಗೇಲಿ ಮಾಡುತ್ತಿದ್ದ: 'ಎತ್ತಿನ ಗಾಡಿಯವರು ನಮ್ಮನ್ನ ಹಿಂದೆ ಹಾಕ್ತಾರೆ ಮೇಷ್ಟ್ರೇ, ಸ್ವಲ್ಪ ಹಾಜರಿ ಕೂಗೋದು ನಿಲ್ಲಿಸಿ ಮುಂದೆ ನೋಡಿ.' ಎಲ್ಲರೂ ನಕ್ಕರು. ಜರಡಿಯೂ ನಕ್ಕ. ನಕ್ಕ ಮೇಲೆ ತನ್ನ ನಗು ನಿಜವಾದದ್ದೆಂದು ತಿಳಿದು ತಣ್ಣಗಾದ. ಆ ಗಳಿಗೆಯಲ್ಲೇ ಅವನಿಗೆ ಇನ್ನೊಂದು ತಿಳಿಯಿತು, ಅದನ್ನು ತಿಳಿಯದಿರಲು ಅವನು ಕಿಟಕಿಯ ಕಡೆ ತಿರುಗಿದ. ಪಕ್ಕದಲ್ಲಿ ಕಾಲು ಚಾಚಿ ಕೂತವನು ಅವನಿಗೆ ಎಂದೂ ಹೀಗೆ ಸಣ್ಣವನಾಗಿ ಕಂಡಿರಲಿಲ್ಲ. ಎರಡು ವರ್ಷ ನಿಂತೇ ಮಾತಾಡಿಸಿದವನು. ಅಂಗಡಿಯ ಸಾಲಿನಲ್ಲಿ ಎಲ್ಲರೆದುರು 'ಬಿಡು, ನಿನ್ನ ಮಾತು ಅವರಿಗೆ ಅರ್ಥವಾಗಲ್ಲ, ನಾನು ಕೇಳ್ತೀನಿ' ಎಂದು ಬದಿಗೆ ಸರಿಸಿದವನು. ಅವನ ಬದುಕಿನ ಬಹು ದೊಡ್ಡ ಸುದ್ದಿ ಈಗ ತನ್ನ ಜೇಬಿನಲ್ಲಿದೆ. ಅವನು ಕಿತ್ತಳೆ ತಿನ್ನುತ್ತಿದ್ದಾನೆ. ಆ ಭಾವನೆಗೆ ಹೆಸರಿಡಲು ಜರಡಿ ಹೋಗಲಿಲ್ಲ. ಆದರೆ ಅದು ಬೆಚ್ಚಗಿತ್ತು. ಯಜಮಾನನ ತೊಡೆಯ ಮೇಲೆ ಬಿದ್ದ ಬೀಜವನ್ನು ಅವನೇ ಹೆಕ್ಕಿ ಹೊರಗೆಸೆದ.

ಮೂರೂವರೆಗೆ ದಾರಿಬದಿಯ ಊಟದ ಮನೆಯಲ್ಲಿ ನಿಂತರು. ಮೇಜಿನ ಮೇಲೆ ಗಾಜಿನ ಲೋಟದಲ್ಲಿ ಮಡಚಿಟ್ಟ ಕಾಗದದ ಕರವಸ್ತ್ರಗಳು. ಈಗ ಹೇಳಿದರೆ ತಿರುಗಿಸಿದ ಕಾರು ಆರರ ಸುಮಾರಿಗೆ ನಗರ ಮುಟ್ಟುತ್ತದೆ, ರಾತ್ರಿ ಹನ್ನೊಂದರ ವಿಮಾನಕ್ಕೆ ಸಮಯವಿದೆ. ಮೇಷ್ಟ್ರು ಒಂದು ಮಾತೂ ಆಡದೆ ತಿರುಗಿಸುತ್ತಾರೆ, ಅತ್ತಿಗೆ ಅಳುತ್ತಾಳೆ. ಆಮೇಲೆ ಯಾರೋ ಕೇಳುತ್ತಾರೆ, ನಿನಗೆ ಯಾವಾಗ ಗೊತ್ತಾಯಿತು? ಹನ್ನೊಂದೂವರೆಯಿಂದ ಮೂರೂವರೆ. ಈ ನಾಲ್ಕು ಗಂಟೆಗಳಿಗೆ ಯಾವ ಕಾರಣ ಕೊಡುವುದು? ಭಾವ ಹೇಳಿದ್ದನ್ನು ಹೇಳಬಹುದು. ಓದಿದವನು ನೋಡಿ ಮಾಡಿದೆ ಎನ್ನಬಹುದು. ಇವನು ಹೀಗೆ ನೋಡುತ್ತಿರುವಾಗಲೇ ಯಜಮಾನ ಹೊರಗೆ ಕರೆದ. ಊಟದ ಮನೆಯ ಹಿಂದೆ ಕಣಿವೆ ಕಾಣುತ್ತಿತ್ತು. ಕಟ್ಟೆಯ ಮೇಲೆ ನಿಂತು, ಕೋಟಿನ ಗುಂಡಿ ಹಾಕಿಕೊಂಡು, 'ಒಂದು ಫೋಟೋ ತೆಗಿ. ಕೋಟು ಪೂರ್ತಿ ಬರ್ಲಿ, ಕಾಲು ಹೋದ್ರೂ ಪರವಾಗಿಲ್ಲ. ಭಾನುವಾರ ಅಪ್ಪನಿಗೆ ಕಳಿಸ್ತೀನಿ. ಇಲ್ದಿದ್ರೆ ಹೊಲಿದದ್ದು ಹಾಕ್ಕೊಳ್ಳಲ್ಲ ಅಂತ ಗೊಣಗ್ತಾ ಇರ್ತಾನೆ' ಎಂದ. ಜರಡಿ ಫೋನು ಎತ್ತಿದ. ಪರದೆಯ ಚೌಕದಲ್ಲಿ ಆ ಮುಖ ಸ್ಪಷ್ಟವಾಗಿತ್ತು. ಬಾಯಿ ತೆರೆದ. 'ಉಸಿರು ಬಿಡು' ಎಂದ. ಯಜಮಾನ ನಗುತ್ತ ಉಸಿರು ಬಿಟ್ಟ. ಇನ್ನು ಇವತ್ತು ಹೇಳಲಾರೆನೆಂದು ಜರಡಿಗೆ ತಿಳಿದದ್ದು ಆಗಲೇ.

ಆರಕ್ಕೆ ಇನ್ನೂ ಹತ್ತು ನಿಮಿಷವಿತ್ತು. ಬೆಟ್ಟದ ಬುಡದ ಕೊನೆಯ ಪೆಟ್ರೋಲು ಬಂಕಿನಲ್ಲಿ ಕಾರು ನಿಂತಿತು. ಇಲ್ಲಿಂದ ಮೇಲೆ ಫೋನು ಸಿಗುವುದಿಲ್ಲ, ಮನೆ ಹಿಂದಿನ ದಿಣ್ಣೆ ಹತ್ತಿದರೆ ಮಾತ್ರ ಎಂದು ಕೆರೆ ಬದಿಯಲ್ಲಿ ಅವರು ಹಿಡಿದಿದ್ದ ಬಾಡಿಗೆ ಮನೆಯ ಚೀಟಿಯಲ್ಲಿ ಬರೆದಿತ್ತು. ಅವನು ಶೌಚಕ್ಕೆಂದು ಹಿಂದಕ್ಕೆ ಹೋದ. ಒದ್ದೆ ನೆಲ, ಒಂದೇ ಸಮನೆ ಸೋರುವ ನಲ್ಲಿ, ಕನ್ನಡಿಯ ಮೂಲೆಯಲ್ಲಿ ಯಾರೋ ಅಂಟಿಸಿ ಕಿತ್ತ ಚೀಟಿಯ ಗುರುತು. ಫೋನಿನಲ್ಲಿ ಅಕ್ಕನ ಮೂರು ಸಂದೇಶ. ಹೇಳಿದೆಯಾ ತಮ್ಮಾ. ಏನಂದ. ಅಮ್ಮ ಅವನ ಹತ್ತಿರ ಒಂದು ಮಾತಾಡಬೇಕು ಅಂತಿದ್ದಾಳೆ. ಇನ್ನು ತಿರುಗಿ ಓಡಿದರೂ ವಿಮಾನ ಸಿಗದು. ಸಿಗುವ ಹಾಗಿದ್ದಿದ್ದರೆ ಹೇಳುತ್ತಿದ್ದೆ ಎಂದು ತನಗೇ ಹೇಳಿಕೊಂಡ. ಅದೂ ಸುಳ್ಳೆಂದು ಗೊತ್ತಿತ್ತು. ಇನ್ನೂ ಹೇಳಿಲ್ಲ ಎಂದು ಬರೆಯಬಹುದಿತ್ತು. ಆ ಮಾತನ್ನು ಎರಡು ಸಲ ಬರೆದು ಅಳಿಸಿದ. ಹೇಳಿಲ್ಲ ಎಂದರೆ ಯಾಕೆ ಎನ್ನುತ್ತಾಳೆ. ಹೊರಗೆ ಮೇಷ್ಟ್ರು ಹಾರ್ನು ಹಾಕಿದರು. ಅವನ ಹೆಬ್ಬೆರಳು ಬರೆದದ್ದು ಇಷ್ಟು: 'ಹೇಳಿದೆ ಅಕ್ಕಾ. ತುಂಬಾ ಅತ್ತ. ಪರೀಕ್ಷೆ ಬಿಟ್ಟು ಬರೋಕಾಗಲ್ಲವಂತೆ. ನೀವು ಮುಗಿಸಿಬಿಡಿ ಅಂದ. ಈಗ ಮಾತಾಡೋ ಸ್ಥಿತಿಯಲ್ಲಿಲ್ಲ, ಭಾನುವಾರ ಮಾಡ್ತಾನೆ.' ಕಳಿಸಿದ ಮೇಲೆ ಓದಿದ. 'ತುಂಬಾ ಅತ್ತ' ಎಂಬುದನ್ನು ಯಾರೂ ಕೇಳಿರಲಿಲ್ಲ. ಅದನ್ನು ಸೇರಿಸಿದ್ದು ಯಜಮಾನನ ಮರ್ಯಾದೆಗೋ ತನ್ನ ಸುಳ್ಳಿನ ಗಟ್ಟಿತನಕ್ಕೋ ಎಂದು ಯೋಚಿಸುತ್ತ ಕೈ ತೊಳೆದ, ಮತ್ತೆ ತೊಳೆದ.

ಶನಿವಾರ ಹಗಲೆಲ್ಲ ಬಿಸಿಲಿತ್ತು. ಕೆರೆಯ ನೀರು ಅಲುಗದೆ ಬಿದ್ದಿತ್ತು. ದೋಣಿಯಲ್ಲಿ ಹೋದರು, ಹುಟ್ಟು ಹಾಕಿದ್ದು ಜರಡಿ. ಯಜಮಾನ ಎದುರಿಗೆ ಕೂತು ಕೈಯನ್ನು ನೀರಿಗೆ ಇಳಿಬಿಟ್ಟಿದ್ದ. ಅಲ್ಲಿ ಈಗ ಎಲ್ಲ ಮುಗಿದಿರುತ್ತದೆ, ಜನ ತಲೆಗೆ ನೀರು ಹಾಕಿಕೊಂಡು ಅಂಗಳದಲ್ಲಿ ಕೂತಿರುತ್ತಾರೆ ಎಂದು ಲೆಕ್ಕ ಹಾಕುತ್ತ ಅವನು ಹುಟ್ಟು ಎಳೆಯುತ್ತಿದ್ದ. ಯಜಮಾನನಿಗೆ ಚಳಿಯಾದರೆ ತನ್ನ ಶಾಲು ಕೊಟ್ಟ. ಊಟಕ್ಕೆ ಕೂತಾಗ ಮೊದಲು ಅವನಿಗೆ ಬಡಿಸಿದ, ಅವನ ತಟ್ಟೆ ತೊಳೆದ. 'ಏನಪ್ಪಾ ಜರಡಿ, ಯಜಮಾನರ ಸೇವೆ ಜೋರಾಗಿದೆ. ಏನಾದ್ರೂ ಬೇಕಾಗಿತ್ತಾ?' ಎಂದಳು ಅತ್ತಿಗೆ. 'ಅವನು ಒಳ್ಳೆಯವನು ಅತ್ತಿಗೆ, ನಾವೇ ಅವನನ್ನ ಸರಿಯಾಗಿ ನೋಡ್ಲಿಲ್ಲ' ಎಂದ ಯಜಮಾನ. ಗೇಲಿಯಿರಲಿಲ್ಲ ಆ ದನಿಯಲ್ಲಿ. ಸಂಜೆ ಮೆಟ್ಟಿಲ ಮೇಲೆ ಇಬ್ಬರೇ ಕೂತಾಗ ಅವನು ತಾನಾಗಿ ಜರಡಿಯ ಕೆಲಸದ ಬಗ್ಗೆ ಕೇಳಿದ. ಮಣ್ಣನ್ನು ಅಷ್ಟು ಸಣ್ಣಗೆ ಯಾಕೆ ಮಾಡಬೇಕು ಎಂದು. ಜರಡಿ ವಿವರಿಸಿದ. ಯಜಮಾನ ನಿಜವಾಗಿ ಕೇಳಿಸಿಕೊಂಡ. ಎರಡು ವರ್ಷದಿಂದ ಬೇಕೆನಿಸಿದ್ದ ಗೆಳೆತನ ಅವನಿಗೆ ಅಂದು ಸಿಕ್ಕಿತು. ಅದನ್ನು ಹಿಡಿದುಕೊಂಡು ಕೂತಿದ್ದಾಗ, ಬಿಟ್ಟು ಓಡಿಹೋಗೋಣವೆನಿಸಿತು.

ಭಾನುವಾರ ಹನ್ನೊಂದಕ್ಕೆ ಯಜಮಾನ ದಿಣ್ಣೆ ಹತ್ತಿದ. 'ನೀನೂ ಬಾ, ಅಪ್ಪ ನಿನ್ನನ್ನ ಕೇಳ್ತಾನೆ' ಎಂದ. ಒಣಹುಲ್ಲು ಮೊಣಕಾಲಿಗೆ ತಾಕುತ್ತಿತ್ತು. ಹತ್ತುತ್ತ ಜರಡಿ ಹೇಳಿದ, ಅಂದರೆ ಹೇಳಲು ಶುರುಮಾಡಿದ: 'ನೋಡು, ಶುಕ್ರವಾರ...' ಮುಂದೆ ಹೋಗುತ್ತಿದ್ದವನು 'ಏನು?' ಎಂದ, ತಿರುಗಲಿಲ್ಲ; ಫೋನು ಆಗಲೇ ಕಿವಿಯಲ್ಲಿತ್ತು. ಅಪ್ಪನ ಸಂಖ್ಯೆಗೆ ಮಾಡಿದ್ದ. ಎತ್ತಿದವಳು ಅಕ್ಕ.

'ಅಕ್ಕಾ? ನೀನ್ಯಾವಾಗ ಬಂದೆ ಮನೆಗೆ? ಅಪ್ಪನಿಗೆ ಕೊಡು' ಎಂದ. ಆಚೆಯ ಮಾತು ಕೇಳಿಸುವಷ್ಟು ಹತ್ತಿರ ಜರಡಿ ಇರಲಿಲ್ಲ. ದನಿಯ ಏರಿಳಿತ ಮಾತ್ರ, ತಗಡು ಗೀರಿದ ಹಾಗೆ. ಯಜಮಾನನ ಬೆನ್ನು ಅಲುಗಲಿಲ್ಲ. 'ಯಾವಾಗ?' ಎಂದ. ಮತ್ತೆ 'ನಾನಾ?' ಎಂದ. ಆಗ ತಿರುಗಿದ. ಜರಡಿಯನ್ನು ನೋಡಿದ, ಮೊದಲ ಸಲ ಕಂಡವನನ್ನು ನೋಡುವಂತೆ, ಹುಬ್ಬು ಸ್ವಲ್ಪ ಕೂಡಿಸಿ. ಜರಡಿ ಕಣ್ಣು ತಗ್ಗಿಸಲಿಲ್ಲ; ತಗ್ಗಿಸಿದರೆ ಬೀಳುತ್ತೇನೆ ಅನಿಸಿತ್ತು. ಫೋನಿನಲ್ಲಿ ಆಕೆ ಏನನ್ನೋ ಮತ್ತೆ ಮತ್ತೆ ಕೇಳುತ್ತಿದ್ದಳು.

'ಹೂಂ' ಎಂದ ಯಜಮಾನ. 'ಹೇಳಿದ. ಶುಕ್ರವಾರವೇ ಹೇಳಿದ. ನಾನೇ ಬರಲ್ಲ ಅಂದೆ.'

ಆಮೇಲೆ ಅವಳು ಬೈದದ್ದನ್ನೆಲ್ಲ ಅವನು ನಿಂತು ಕೇಳಿಸಿಕೊಂಡ. ಫೋನನ್ನು ಕಿವಿಯಿಂದ ಸರಿಸಲಿಲ್ಲ, ಕೊನೆಯಲ್ಲಿ ಅಮ್ಮನಿಗೆ ಕೊಡು ಎಂದ. ಅಮ್ಮ ಮಾತಾಡಲಿಲ್ಲವೆಂದು ತೋರುತ್ತದೆ. ಸಂಪರ್ಕ ಕಡಿದ ಮೇಲೂ ಸ್ವಲ್ಪ ಹೊತ್ತು ಹಾಗೆಯೇ ಹಿಡಿದುಕೊಂಡಿದ್ದ.

'ಎಷ್ಟು ಗಂಟೆಗೆ ಗೊತ್ತಾಯ್ತು ನಿನಗೆ?'

'ಹನ್ನೊಂದೂವರೆ.'

'ನಾನು ಆಗ ಕೋಣೇಲೇ ಇದ್ದೆ' ಎಂದ ಯಜಮಾನ. ಲೆಕ್ಕ ಸರಿಯಾಗಿದೆಯೇ ಎಂದು ನೋಡುವವನ ಹಾಗೆ ತಲೆಯಾಡಿಸಿದ. ಕೂರಲು ಜಾಗ ಹುಡುಕಿದ, ಕೂರಲಿಲ್ಲ.

'ನಿನ್ನ ಭಾವ ಹೇಳ್ಬೇಡ ಅಂದ್ರು. ಪರೀಕ್ಷೆ ಇದೆ ಅಂತ...' ಎಂದ ಜರಡಿ. ತನ್ನ ದನಿ ಅವನಿಗೇ ಕಿರಿಚಿದಂತೆ ಕೇಳಿಸಿತು. 'ಯಾಕೆ ಹಾಗಂದೆ ಅವಳಿಗೆ? ನನಗೆ ಹೇಳೇ ಇಲ್ಲ ಅಂತ ಅನ್ನಬಹುದಿತ್ತು.'

'ಅಂದ್ರೆ ನಂಬ್ತಾಳಾ? ಎರಡು ದಿನ ಆದ್ಮೇಲೆ ಗೊತ್ತೇ ಇರ್ಲಿಲ್ಲ ಅಂದ್ರೆ? ಬರೋಕಾಗದೆ ಈಗ ಜೊತೆಯವನ ಮೇಲೆ ಹಾಕ್ತಿದಾನೆ ಅಂತಾಳೆ. ಬರಲ್ಲ ಅಂದ ಮಗನಾದ್ರೂ ವಾಸಿ.'

'ನಾನೇ ಹೇಳ್ತೀನಿ. ಈಗಲೇ. ನಾನು ಹೇಳಿದ್ರೆ ನಂಬ್ತಾಳೆ.'

ಯಜಮಾನ ಅವನನ್ನು ನೋಡಿದ. ಕಣ್ಣಲ್ಲಿ ಸಿಟ್ಟಿರಲಿಲ್ಲ, ಏನೋ ಕಾಯುವುದಿತ್ತು. ಅಕ್ಕನ ಸಂಖ್ಯೆ ಒತ್ತಿ, ಫೋನನ್ನು ಮುಂದಕ್ಕೆ ಚಾಚಿದ. 'ಮಾತಾಡು' ಎಂದ.

ಬೆಚ್ಚಗಿದ್ದ ಫೋನನ್ನು ಜರಡಿ ಕಿವಿಗೆ ಇಟ್ಟುಕೊಂಡ. 'ಅಕ್ಕಾ, ನಾನು' ಎಂದ. ಇನ್ನೊಂದು ಮಾತು ಬರುವುದರೊಳಗೆ ಆಕೆ ಅಳಲು ಶುರುಮಾಡಿದಳು. ಗಟ್ಟಿಯಾಗಿಯೇ ಅಳುತ್ತಿದ್ದಳು, ಎರಡು ಮಾರು ದೂರ ನಿಂತವನಿಗೂ ಕೇಳಿಸುವಷ್ಟು. 'ನೀನೇನು ಮಾಡ್ತೀಯಪ್ಪಾ, ನಿನ್ನದೇನಿದೆ ತಪ್ಪು. ಹೋಗೋ ಅಂತ ನೀನು ಎಷ್ಟು ಹೇಳಿರ್ತೀಯ, ನನಗೆ ಗೊತ್ತಾಗುತ್ತೆ. ಹೊಟ್ಟೇಲಿ ಹುಟ್ಟಿದವನಿಗೆ ಬೇಡವಾಯ್ತು. ಅಷ್ಟು ದೂರದಲ್ಲಿ ನೀನಾದ್ರೂ ನಮ್ಮವರ ಹಾಗೆ ನಡ್ಕೊಂಡೆ. ನಿನ್ನ ಋಣ ನಾವು ಹೇಗೆ ತೀರಿಸ್ತೀವೋ ಕಾಣೆ, ತಮ್ಮಾ.'

ಕೊನೆಯ ಆ 'ತಮ್ಮಾ' ಎಂಬುದನ್ನು ಆಕೆ ತಂದೆಯ ಹಾಗೆಯೇ ಅನ್ನುತ್ತಿದ್ದಳು, ಎರಡನೆಯ ಅಕ್ಷರವನ್ನು ಎಳೆದು. ಎದುರಿಗೆ ಯಜಮಾನ ನಿಂತಿದ್ದ. ಗಾಳಿಗೆ ಅವನ ಕೂದಲು ಹಣೆಯ ಮೇಲೆ ಬಿದ್ದಿತ್ತು, ಅದನ್ನು ಸರಿಸಿಕೊಳ್ಳಲಿಲ್ಲ. ಜರಡಿ ಬಾಯಿ ತೆರೆದ. ಹೇಳಬೇಕಾದದ್ದು ಮೂರೇ ಮಾತು, ಅವು ನಾಲಿಗೆಯ ಮೇಲೆಯೇ ಇದ್ದವು. ಇನ್ನೊಂದು ಉಸಿರಿಗೆ ಹೊರಬರುತ್ತಿದ್ದವು ಎಂದು ಆಮೇಲೆ ಎಷ್ಟೋ ವರ್ಷ ಅವನು ತನಗೆ ತಾನೇ ಹೇಳಿಕೊಳ್ಳುವುದಿತ್ತು.

'ಇರಲಿ ಬಿಡಿ ಅಕ್ಕಾ' ಎಂದ. 'ಅದರಲ್ಲೇನಿದೆ.'

ಯಜಮಾನ ಕೈ ಚಾಚಿ ಫೋನು ತೆಗೆದುಕೊಂಡ, ಮುಚ್ಚಿ ಜೇಬಿಗಿಟ್ಟ. ಕೆಳಗೆ ಮನೆಯ ಮೆಟ್ಟಿಲ ಮೇಲೆ ಅತ್ತಿಗೆ ಕೈಯಲ್ಲಿ ಸೌಟು ಹಿಡಿದು, ಆರಿಹೋಗುತ್ತದೆ ಬನ್ನಿ ಎಂದು ಕೂಗುತ್ತಿದ್ದಳು. 'ಬಂದೆ' ಎಂದು ಯಜಮಾನ ಎಂದಿನ ದನಿಯಲ್ಲೇ ಕೂಗಿ ಹೇಳಿ, ಹುಲ್ಲಿನ ನಡುವೆ ಇಳಿಯತೊಡಗಿದ.